ಕುದಿಸಿದರೂ ಹೋಗದ ವಿಷಕ್ಕೆ ಮನೆಯವರೇಕೆ ಹೊಣೆ?

2021ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ವುಡ್‌ಬ್ರಿಡ್ಜ್, ಎಡಿಸನ್ ಸುತ್ತಮುತ್ತಲಿನ ಮನೆಗಳಿಗೆ ಮಿಡಲ್‌ಸೆಕ್ಸ್ ವಾಟರ್ ಕಂಪನಿಯಿಂದ ನೋಟಿಸ್ ಬಂತು. ಸೌತ್ ಪ್ಲೇನ್‌ಫೀಲ್ಡ್‌ನ ಪಾರ್ಕ್ ಅವೆನ್ಯೂ ಕೊಳವೆಬಾವಿಗಳ ನೀರಿನಲ್ಲಿ ಪಿಎಫ್‌ಒಎ ಎಂಬ ರಾಸಾಯನಿಕ ರಾಜ್ಯದ ಮಿತಿ ಮೀರಿದೆ ಎಂಬುದು ಅದರ ಸಾರ. ಮಿತಿ ಲೀಟರಿಗೆ 14 ನ್ಯಾನೊಗ್ರಾಂ. ಸಿಕ್ಕಿದ್ದು ಅದರ ಎರಡು ಪಟ್ಟಿಗೂ ಹೆಚ್ಚು. ಜೊತೆಗೆ ಸಲಹೆಗಳು: ಎಳೆಮಕ್ಕಳ ಹಾಲಿನಪುಡಿ ಕಲಸಲು ಬಾಟಲಿ ನೀರು ಬಳಸಿ, ಬೇಕಿದ್ದವರು ಮನೆಗೆ ಫಿಲ್ಟರ್ ಹಾಕಿಸಿಕೊಳ್ಳಿ, ಕುದಿಸಿದರೆ ಇದು ಹೋಗುವುದಿಲ್ಲ.

ಕುದಿಸಿ ಆರಿಸಿದ ನೀರೆಂದರೆ ನಮ್ಮವರಿಗೆ ಅರ್ಧ ಔಷಧ. ಟೈಫಾಯ್ಡ್, ಕಾಮಾಲೆಯ ಮಟ್ಟಿಗೆ ಆ ನಂಬಿಕೆ ಸರಿಯೇ. ಪಿಎಫ್‌ಒಎ ವಿಷಯದಲ್ಲಿ ಮಾತ್ರ ನೀರು ಆವಿಯಾದಷ್ಟೂ ಪಾತ್ರೆಯಲ್ಲಿ ಉಳಿದದ್ದು ಇನ್ನಷ್ಟು ದಟ್ಟವಾಗುತ್ತದೆ.

ಇಂಥ ಸುದ್ದಿಯ ಬೆನ್ನಿಗೇ ಫಿಲ್ಟರ್ ಮಾರುವವರು ಬಾಗಿಲು ತಟ್ಟುತ್ತಾರೆ. ಬೆಂಗಳೂರಿನಲ್ಲೂ ಅದೇ ಆಟ, ವುಡ್‌ಬ್ರಿಡ್ಜ್‌ನ ಐಸೆಲಿನ್‌ನಲ್ಲೂ ಅದೇ. ನಲ್ಲಿ ನೀರಿನ ಲೋಟದಲ್ಲಿ ಎರಡು ಕಡ್ಡಿ ಅದ್ದಿ ಕರೆಂಟ್ ಕೊಡುತ್ತಾರೆ. ನೋಡನೋಡುತ್ತಲೇ ನೀರು ಕಂದಾಗಿ, ಮೇಲೆ ಕೊಚ್ಚೆಯಂಥ ನೊರೆ ಏಳುತ್ತದೆ. ಪಕ್ಕದ ಆರ್‌ಒ ನೀರಿನ ಲೋಟ ತಿಳಿಯಾಗಿಯೇ ಇರುತ್ತದೆ. ಮನೆಯವರ ಕೈ ತಾನಾಗಿ ಕ್ರೆಡಿಟ್ ಕಾರ್ಡಿಗೆ ಹೋಗುತ್ತದೆ. ಆ ಕೊಳೆ ನೀರಿನದ್ದಲ್ಲ, ಕಡ್ಡಿಯ ಕಬ್ಬಿಣ ಕರಗಿ ಬಂದ ತುಕ್ಕು. ಆರ್‌ಒ ನೀರಿನಲ್ಲಿ ಲವಣ ತೀರಾ ಕಡಿಮೆ, ಹಾಗಾಗಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಅಷ್ಟೇ. ಟಿಡಿಎಸ್ ಪೆನ್ನಿನದ್ದೂ ಇದೇ ಕಥೆ. ಅದು ಹೇಳುವುದು ಲವಣದ ಲೆಕ್ಕವನ್ನು, ಅದೂ ಮಿಲಿಗ್ರಾಂನಲ್ಲಿ. ನ್ಯಾನೊಗ್ರಾಂ ಎಂದರೆ ಮಿಲಿಗ್ರಾಂನ ಹತ್ತು ಲಕ್ಷದಲ್ಲೊಂದು ಭಾಗ. ಪಿಎಫ್‌ಒಎ ಇರಲಿ, ಸೀಸ ಇದ್ದರೂ ಆ ಪೆನ್ನಿಗೆ ಗೊತ್ತಾಗದು.

ಫಿಲ್ಟರೇ ಬೇಡವೆಂದಲ್ಲ. ಕೆಟಲ್‌ನಲ್ಲಿ ಬಿಳಿ ಪದರ ಕಟ್ಟಿದರೆ, ಸೋಪು ನೊರೆ ಬರದಿದ್ದರೆ ಅದು ಗಡಸು ನೀರು. ಉಪ್ಪು ಹಾಕುವ ಸಾಫ್ಟನರ್ ಸಾಕು, ಆದರೆ ಅದರಿಂದ ಪಿಎಫ್‌ಒಎ ಹೋಗದು. ಬ್ಲೀಚಿನ ವಾಸನೆಗೆ ಸಾದಾ ಕಾರ್ಬನ್ ಫಿಲ್ಟರ್. ಸೀಸ ಬರುವುದು ಹೆಚ್ಚಾಗಿ ಬೀದಿಯಿಂದ ಮನೆಗೆ ಬರುವ ಹಳೆಯ ಪೈಪಿನಿಂದ, ಬೆಸುಗೆಯಿಂದ. ಬಿಸಿನೀರಿನಲ್ಲಿ ಅದು ಹೆಚ್ಚು ಕರಗುತ್ತದೆ, ಹಾಗಾಗಿ ಅಡುಗೆಗೆ ತಣ್ಣೀರ ನಲ್ಲಿಯನ್ನೇ ಹಿಡಿಯಿರಿ. ಸೀಸಕ್ಕೂ ಪಿಎಫ್‌ಒಎಗೂ ಎನ್‌ಎಸ್‌ಎಫ್ 53 ಅಥವಾ 58 ಎಂಬ ಪ್ರಮಾಣಪತ್ರ ಬೇಕು, ಅದರಲ್ಲಿ ಆ ವಸ್ತುವಿನ ಹೆಸರೂ ಇರಬೇಕು. ಕಾರ್ಟ್ರಿಡ್ಜ್ ಬದಲಿಸದಿದ್ದರೆ ಇಷ್ಟೆಲ್ಲ ಮಾಡಿಯೂ ದಂಡ.

ನನ್ನ ತಕರಾರು ಬೇರೆ. ಸಿಂಕಿನ ಕೆಳಗೆ ಆರ್‌ಒ ಕೂತ ದಿನವೇ ನಾವು ಊರಿನ ನೀರಿನ ಬಗ್ಗೆ ಕೇಳುವುದನ್ನು ಬಿಡುತ್ತೇವೆ. ನ್ಯೂಜೆರ್ಸಿಯ ಕನ್ನಡಿಗರಾದ ನಾವು ಈ ಚಾಳಿಯನ್ನು ತಾಯ್ನಾಡಿನಿಂದಲೇ ಕಟ್ಟಿಕೊಂಡು ಬಂದಿದ್ದೇವೆ. ಕಾವೇರಿ ನೀರು ಬರುವ ಬೆಂಗಳೂರಿನ ಮನೆಗಳಲ್ಲೂ ಆರ್‌ಒ ಗುಂಯ್‌ಗುಡುತ್ತದೆ. ಟಿಡಿಎಸ್ 500 ಮಿಲಿಗ್ರಾಂಗಿಂತ ಕಡಿಮೆ ಇದ್ದಲ್ಲಿ ಆರ್‌ಒ ನಿಷೇಧಿಸಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಸರ್ಕಾರಕ್ಕೆ ಹೇಳಿತ್ತು, ಕೇಳಿದವರಾರು? ಕೋಲಾರದ ಫ್ಲೋರೈಡ್ ಹಳ್ಳಿಗಳಿಗೆ ಆರ್‌ಒ ಘಟಕ ಅನಿವಾರ್ಯ. ಜಯನಗರಕ್ಕೆ ಅದು ಚಟ.

ವುಡ್‌ಬ್ರಿಡ್ಜ್‌ನ ನೀರು ಸುಧಾರಿಸಿದ್ದು ಸಿಂಕಿನ ಕೆಳಗಲ್ಲ. ರಾಜ್ಯ 2020ರಲ್ಲಿ ಮಿತಿ ಹಾಕಿತು, ಅದಕ್ಕೇ ಪರೀಕ್ಷೆಯಾಯಿತು, ನೋಟಿಸ್ ಬಂತು, ಗ್ರಾಹಕರು ಕೋರ್ಟಿಗೆ ಹೋದರು. ಕಂಪನಿ ಬಾವಿಗಳನ್ನು ನಿಲ್ಲಿಸಿ ಕಾರ್ಬನ್ ಶುದ್ಧೀಕರಣ ಕಟ್ಟಿತು. ಪಿಎಫ್‌ಒಎ ತಯಾರಿಸಿದ 3ಎಂ ಕಂಪನಿಯ ಮೇಲೆ ತಾನೂ ದಾವೆ ಹೂಡಿ ರಾಜಿ ಮಾಡಿಕೊಂಡಿತು. 2025ರ ಮೇನಲ್ಲಿ ಅದೇ 3ಎಂ ನ್ಯೂಜೆರ್ಸಿ ರಾಜ್ಯಕ್ಕೆ 45 ಕೋಟಿ ಡಾಲರ್‌ವರೆಗೆ ಕೊಡಲು ಒಪ್ಪಿತು. "ನೀರು ಮೊದಲಿನಂತೆಯೇ ಇದೆ, ಬದಲಾಗಿದ್ದು ಮಿತಿ ಮಾತ್ರ" ಎನ್ನುವವರಿದ್ದಾರೆ. ಹಾಗಾದರೆ ಮಿತಿ ಬರುವ ಮೊದಲೂ ಇದೇ ನೀರನ್ನೇ ಕುಡಿಸಿದ್ದೀರಿ ಎಂದಾಯಿತಲ್ಲ ಸ್ವಾಮಿ!

ಒಳ್ಳೆಯ ಫಿಲ್ಟರ್ ಕೊಳ್ಳಬಲ್ಲ ಸಾಫ್ಟ್‌ವೇರ್ ಮನೆಗೆ ಈ ಜಗಳ ಬೇಡವಾಗಬಹುದು. ಐಸೆಲಿನ್‌ನ ಓಕ್ ಟ್ರೀ ರೋಡಿನ ಅಂಗಡಿಗಳಲ್ಲಿ ದುಡಿದು ಬಾಡಿಗೆ ಮನೆಯಲ್ಲಿರುವವರು ಏನು ಮಾಡಬೇಕು? ಮನೆ ಮಾಲೀಕನ ಅಪ್ಪಣೆಯಿಲ್ಲದೆ ಅವರು ಪೈಪಿಗೆ ಕೈ ಹಚ್ಚುವಂತಿಲ್ಲ.

ಈಗ ಹಿಂದಡಿ ಶುರುವಾಗಿದೆ. ಪಿಎಫ್‌ಒಎ ಲೀಟರಿಗೆ 4 ನ್ಯಾನೊಗ್ರಾಂ ಮೀರಬಾರದು, 2029ರೊಳಗೆ ಸರಿಪಡಿಸಿ ಎಂದು ಅಮೆರಿಕದ ಒಕ್ಕೂಟ ಸರ್ಕಾರ 2024ರಲ್ಲಿ ಹೇಳಿತ್ತು. ಮರುವರ್ಷವೇ ಗಡುವನ್ನು 2031ಕ್ಕೆ ದೂಡುವ ಇರಾದೆ ಪ್ರಕಟಿಸಿತು. ಆದರೂ ಗ್ರಾಹಕರಿಗೆ ಪ್ರಶ್ನಿಸುವ ದಾರಿಗಳಿವೆ. ನೀರಿನ ದರ ಏರಿಸಲು ಕಂಪನಿ ರಾಜ್ಯದ ಬೋರ್ಡ್ ಆಫ್ ಪಬ್ಲಿಕ್ ಯುಟಿಲಿಟೀಸ್‌ನ ಒಪ್ಪಿಗೆ ಪಡೆಯಬೇಕು, ಸಾರ್ವಜನಿಕ ಅಹವಾಲು ನಡೆಯಬೇಕು. ಪ್ರತಿವರ್ಷ ಜುಲೈ 1ರೊಳಗೆ ನೀರಿನ ಗುಣಮಟ್ಟದ ವರದಿಯೂ ಗ್ರಾಹಕರ ಕೈಸೇರಬೇಕು. ರಾಜ್ಯೋತ್ಸವಕ್ಕೆ ಸಭಾಂಗಣ ತುಂಬಿಸುವ ನಮ್ಮ ಕನ್ನಡ ಕೂಟಗಳು ಆ ವರದಿ ಹಿಡಿದು ಮುಂದಿನ ಅಹವಾಲಿಗೆ ಒಂದು ಹಿಂಡು ಜನರನ್ನು ಕಳಿಸಲಿ. ಕೇಳಬೇಕಾದ್ದು ಇಷ್ಟು: ರಾಸಾಯನಿಕ ತಯಾರಿಸಿದವರಿಂದ ಬಂದ ಹಣವೆಷ್ಟು, ಅದರಲ್ಲಿ ನಮ್ಮ ಬಿಲ್ಲಿಗೆ ಇಳಿದದ್ದೆಷ್ಟು, 4ರ ಮಿತಿ ಮುಟ್ಟಲು 2031ರ ತನಕ ಕಾಯುತ್ತೀರಾ?