ಶಾಲೆಯ ಮೊದಲ ದಿನವನ್ನು ಮಕ್ಕಳಿಗೆ ಬಿಟ್ಟುಕೊಡಿ

ಮೇ ತಿಂಗಳು ಕೊನೆಗೊಳ್ಳುವ ಹೊತ್ತಿಗೆ ನಮ್ಮ ಜಿಲ್ಲೆಯ ಸರ್ಕಾರಿ ಶಾಲೆಗಳ ಬಾಗಿಲಿಗೆ ಮಾವಿನ ತೋರಣ ಏರುತ್ತದೆ. 2023, 2024, 2025, ಈ ಮೂರು ವರ್ಷವೂ ಮೇ 29ರಂದೇ ಶಾಲೆಗಳು ತೆರೆದವು. ಅಂಗಳ ಗುಡಿಸಿ, ರಂಗೋಲಿ ಇಟ್ಟು, ಮಕ್ಕಳ ಕೈಗೆ ಹೂ ಕೊಟ್ಟು, ಮಧ್ಯಾಹ್ನ ಸಿಹಿಯೂಟ ಬಡಿಸಿ ಬರಮಾಡಿಕೊಳ್ಳಬೇಕೆಂಬುದು ಇಲಾಖೆಯ ಅಪ್ಪಣೆ. ಇದಕ್ಕೆ ಶಾಲಾ ಪ್ರಾರಂಭೋತ್ಸವವೆಂದು ಹೆಸರು. ಹೆಸರು ಒಳ್ಳೆಯದು, ಉದ್ದೇಶವೂ ಒಳ್ಳೆಯದು. ಆದರೆ ಈ ಉತ್ಸವದಲ್ಲಿ ಮಾತನಾಡುವವರು ಯಾರು, ಕೇಳಿಸಿಕೊಳ್ಳುವವರು ಯಾರು? ನಮ್ಮ ತಕರಾರು ಹುಟ್ಟುವುದು ಇಲ್ಲಿ.

ಎಷ್ಟೋ ಊರುಗಳಲ್ಲಿ ನಡೆಯುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಮೇಜಿನ ಹಿಂದೆ ಮಹನೀಯರು ಕುಳಿತಿರುತ್ತಾರೆ. ಮಕ್ಕಳು ನೆಲದ ಮೇಲೆ ಸಾಲಾಗಿ ಕುಳಿತು ಅವರು ಬರುವುದನ್ನೇ ಕಾಯುತ್ತಾರೆ. ಹಾರ ಒಬ್ಬರಿಗಾದ ಮೇಲೆ ಒಬ್ಬರಿಗೆ ಬೀಳುತ್ತದೆ. ಇಂದಿನ ಮಕ್ಕಳೇ ನಾಳಿನ ಪ್ರಜೆಗಳೆಂದು ಒಬ್ಬರು ಹೇಳುತ್ತಾರೆ, ಅದನ್ನೇ ಮತ್ತೊಬ್ಬರು ಹೇಳುತ್ತಾರೆ. ಎರಡು ತಿಂಗಳ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಂದ ಮಗುವಿಗೆ ಮಾತ್ರ 'ಸದ್ದು ಮಾಡಬೇಡ' ಎಂಬ ಆಜ್ಞೆ. ಮದುವೆಗೆ ಬಂದವರೆಲ್ಲ ಉಂಡರು, ಮದುಮಗಳು ಹಸಿದು ಕುಳಿತಳು ಎಂಬಂತಾಯಿತು.

ಆ ಮಗುವಿನ ಬಳಿ ಹೇಳಲು ಏನಿಲ್ಲ? ಅಜ್ಜಿಯ ಊರಿನಲ್ಲಿ ಹುಣಿಸೆಮರ ಹತ್ತಿದ್ದಿದೆ, ಹಲ್ಲು ಬಿದ್ದದ್ದಿದೆ, ಮೇಲಿನ ತರಗತಿಯ ಕೋಣೆ ಹೇಗಿರುತ್ತದೋ ಎಂಬ ಕುತೂಹಲವಿದೆ. ಹೊಸ ಪುಸ್ತಕದ ವಾಸನೆ ಇದೆ. ಮೇಷ್ಟ್ರು ಹೊಡೆಯುತ್ತಾರೇನೋ ಎಂಬ ಸಣ್ಣ ಹೆದರಿಕೆಯೂ ಇದೆ. ಇದನ್ನೆಲ್ಲ ಕೇಳುವವರೊಬ್ಬರು ಸಿಕ್ಕರೆ ಶಾಲೆ ತನ್ನದೆಂಬ ಭಾವನೆ ಮಗುವಿಗೆ ಮೊದಲ ದಿನವೇ ಹುಟ್ಟುತ್ತದೆ. ಸಿಗದಿದ್ದರೆ, ಇದು ಬಾಯಿ ಮುಚ್ಚಿಕೊಂಡಿರಬೇಕಾದ ಜಾಗವೆಂಬ ಪಾಠ ಅಂದೇ ಮನದಟ್ಟಾಗುತ್ತದೆ. ಬಾಯಿ ಮುಚ್ಚಿಕೊಳ್ಳಲು ಕಲಿತ ಮಗು ಮುಂದೆ ಮಗ್ಗದ ಮುಂದೆಯೂ ಯಂತ್ರದ ಮುಂದೆಯೂ ಹಾಗೆಯೇ ನಿಲ್ಲುತ್ತದೆ. ಇದರಿಂದ ಯಾರಿಗೆ ಲಾಭವೆಂಬುದನ್ನು ದುಡಿಯುವ ಜನರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಉಳ್ಳವರ ಮನೆಯಲ್ಲಿ ಆ ದಿನ ಹೇಗಿರುತ್ತದೆಂಬುದನ್ನೂ ನೋಡೋಣ. ತಾಯಿ ತಂದೆ ಇಬ್ಬರೂ ಕಾರಿನಲ್ಲಿ ಶಾಲೆಯವರೆಗೆ ಬರುತ್ತಾರೆ. ಫೋಟೋ ತೆಗೆಯುತ್ತಾರೆ. ಸಂಜೆ ಮಗು ಹೇಳಿದ್ದನ್ನು ಕೇಳಿ ನಗುತ್ತಾರೆ. ಅವರ ಮಕ್ಕಳು ಸುಖವಾಗಿರಲಿ, ಅದಕ್ಕೆ ನಮಗೆ ಹೊಟ್ಟೆಯುರಿ ಇಲ್ಲ. ಆದರೆ ದೊಡ್ಡಬಳ್ಳಾಪುರದ ಅಪೆರಲ್ ಪಾರ್ಕಿನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ತಾಯಿ ತನ್ನ ಮಗುವಿನ ಕೈ ಹಿಡಿದು ಶಾಲೆಗೆ ಬರಬೇಕಾದರೆ ಅರ್ಧ ದಿನದ ಸಂಬಳ ಕಳೆದುಕೊಳ್ಳಬೇಕು, ಮೇಲ್ವಿಚಾರಕರ ಬೈಗುಳ ತಿನ್ನಬೇಕು. ದಾಬಸ್‌ಪೇಟೆಯ ಕಾರ್ಖಾನೆಯವಳಿಗೂ ಹೊಸಕೋಟೆಯ ಗೋದಾಮಿನವಳಿಗೂ ಇದೇ ಕಥೆ. ಸಂತೋಷವನ್ನು ಹಂಚಿಕೊಳ್ಳುವುದಕ್ಕೂ ಬಡವರು ದಂಡ ತೆರಬೇಕೇ?

ಕಾನೂನಿನ ಚೋದ್ಯವನ್ನು ಕೇಳಿ. ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಶಿಶುಪಾಲನಾ ಕೋಣೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆ ವಿಧಿಸಿತು. ಆದರೆ ಅದು ಆರು ವರ್ಷದೊಳಗಿನ ಮಕ್ಕಳಿಗೆ ಮಾತ್ರ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿಯೂ ಆರರ ಗೆರೆ ಹಾಗೆಯೇ ಉಳಿಯಿತು. ಅಂದರೆ ಮಗು ಒಂದನೆಯ ತರಗತಿಯ ಹೊಸ್ತಿಲು ತುಳಿಯುವ ವಯಸ್ಸಿಗೇ ಕಾನೂನು ತಾಯಿಯ ಕೈ ಬಿಡುತ್ತದೆ. ಅಲ್ಲಿಂದ ಮುಂದೆ ಆಕೆ ತಾಯಿಯಲ್ಲ, ಬರಿಯ ದುಡಿಮೆಯ ಕೈ. 2023ರಲ್ಲಿ ಕಾರ್ಖಾನೆಯ ದಿನವನ್ನು 12 ಗಂಟೆಗೆ ಎಳೆಯಲು ಅವಕಾಶ ಕೊಡುವ ತಿದ್ದುಪಡಿಗೆ ನಮ್ಮ ವಿಧಾನಮಂಡಲ ಅವಸರದಿಂದ ಒಪ್ಪಿಗೆಯಿತ್ತಿತು. ಶಾಲೆಯ ಮೊದಲ ದಿನಕ್ಕೆ ಅರ್ಧ ದಿನ ರಜೆ ಕೊಡುವ ವಿಚಾರದಲ್ಲಿ ಅಂಥ ಅವಸರ ಯಾರಿಗೂ ಕಾಣದು. ಆಗದ ಮಾತೆಂದು ಯಾರೂ ಹೇಳಬಾರದು. ಹೆಂಗಸರಿಗೆ ತಿಂಗಳಿಗೊಂದು ದಿನ ಸಂಬಳಸಹಿತ ಮುಟ್ಟಿನ ರಜೆ ಕೊಡಲು 2025ರ ಅಕ್ಟೋಬರಿನಲ್ಲಿ ಇದೇ ರಾಜ್ಯದ ಸಚಿವ ಸಂಪುಟ ಒಪ್ಪಿತು. ಮನಸ್ಸಿದ್ದರೆ ಮಾರ್ಗವಿದೆ.

ಇನ್ನು ತೋರಣದ ಕೆಳಗೆ ನಿಂತ ಮಗುವಿನ ಮೈಮೇಲೆ ಏನಿದೆ, ಕೈಯಲ್ಲೇನಿದೆ? ಹದಿನಾಲ್ಕು ವರ್ಷದವರೆಗೆ ಉಚಿತ ಶಿಕ್ಷಣವನ್ನು ಹತ್ತು ವರ್ಷದೊಳಗೆ, ಅಂದರೆ 1960ರೊಳಗೆ, ಒದಗಿಸಲು ಯತ್ನಿಸಬೇಕೆಂದು ಸಂವಿಧಾನ 1950ರಲ್ಲಿ ಹೇಳಿತು. ಅದು ಹಕ್ಕಾಗಿ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಐವತ್ತು ವರ್ಷ ತಡವಾಗಿ ಬಂದ ಹಕ್ಕು ಈಗಲೂ ತಡವಾಗಿಯೇ ನಡೆಯುತ್ತಿದೆ. ಎರಡು ಜೊತೆ ಸಮವಸ್ತ್ರಕ್ಕಾಗಿ ಕೊಪ್ಪಳ ಜಿಲ್ಲೆಯ ಒಬ್ಬ ಬಾಲಕನ ಹೆಸರಿನಲ್ಲಿ ಹೈಕೋರ್ಟಿಗೆ ಹೋಗಬೇಕಾಯಿತು. 2019ರಲ್ಲಿ ತೀರ್ಪು ಬಂದರೂ ಸರ್ಕಾರ ಅಲುಗಲಿಲ್ಲ. 2023ರಲ್ಲಿ ನ್ಯಾಯಾಂಗ ನಿಂದನೆಯ ಅರ್ಜಿಯಲ್ಲಿ ಮತ್ತೆ ಛೀಮಾರಿ ಬಿದ್ದಿತು. ವಿದ್ಯಾವಿಕಾಸ ಯೋಜನೆಯ ಬಟ್ಟೆಯಲ್ಲಿ ಒಂದು ಪಾಲನ್ನು ನೇಯುವವರು ಈ ನಾಡಿನ ನೇಕಾರರೇ. ನೇಕಾರನ ಬಟ್ಟೆ ನೇಕಾರನ ಮಗುವಿನ ಮೈಗೆ ಸಕಾಲಕ್ಕೆ ಬಾರದಿದ್ದರೆ ಅದಕ್ಕಿಂತ ನಾಚಿಕೆಗೇಡು ಯಾವುದು?

'ನಮ್ಮ ಮೇಷ್ಟ್ರು ಯಾರು?' ಎಂಬುದು ಮೊದಲ ದಿನ ಪ್ರತಿ ಮಗುವೂ ಕೇಳುವ ಪ್ರಶ್ನೆ. ಖಾಲಿ ಹುದ್ದೆಯ ಜಾಗಕ್ಕೆ ವರ್ಷವರ್ಷವೂ ಹೊಸದಾಗಿ ಅತಿಥಿ ಶಿಕ್ಷಕರನ್ನು ನೇಮಿಸುವ ಸರ್ಕಾರಕ್ಕೆ ಆ ದಿನ ಉತ್ತರವಿರುವುದಿಲ್ಲ. 2025ರ ಬಜೆಟ್ಟಿನಲ್ಲಿ 2,000 ರೂಪಾಯಿ ಏರಿಸಿದ ಮೇಲೂ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಕೈಗೆ ಬಂದದ್ದು ತಿಂಗಳಿಗೆ 12,000 ರೂಪಾಯಿ. ಅದೇ ವರ್ಷ ಜುಲೈಯಲ್ಲಿ ನಂದಿಬೆಟ್ಟದ ಮೇಲೆ ಸಭೆ ಸೇರಿದ ಸಂಪುಟ ನಮ್ಮ ಜಿಲ್ಲೆಯ ಹೆಸರನ್ನು ಬೆಂಗಳೂರು ಉತ್ತರವೆಂದು ಬದಲಿಸಲು ತೀರ್ಮಾನಿಸಿತು. ಬೋರ್ಡು ಬರೆಸುವುದು ಸುಲಭ. ಬೋರ್ಡಿನ ಕೆಳಗೆ ಮೇಷ್ಟ್ರನ್ನು ನಿಲ್ಲಿಸುವುದು ಕಷ್ಟ.

ಪಕ್ಕದ ಕೇರಳದಲ್ಲಿ ಜೂನ್ ಮೊದಲಿಗೆ ಪ್ರವೇಶನೋತ್ಸವ ನಡೆಯುತ್ತದೆ; ಊರೇ ಶಾಲೆಯ ಕಡೆ ಹೊರಡುತ್ತದೆ. ರಷ್ಯದಲ್ಲಿ ಸೆಪ್ಟೆಂಬರ್ 1ರಂದು ದೊಡ್ಡ ತರಗತಿಯ ಹುಡುಗನೊಬ್ಬ ಒಂದನೆಯ ತರಗತಿಯ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆಯುತ್ತಾನೆ. ವರ್ಷದ ಮೊದಲ ಗಂಟೆ ಬಾರಿಸುವುದು ಆ ಮಗುವಿನ ಕೈ. ಗಂಟೆ ಮಗುವಿನ ಕೈಗೆ ಹೋಗಲು ಕೋಟಿ ರೂಪಾಯಿ ಬೇಕಾಗಿಲ್ಲ.

ಆದ್ದರಿಂದ ನಾವು ಒತ್ತಾಯಿಸುವುದಿಷ್ಟು.

ಮೊದಲನೆಯದಾಗಿ, ಪ್ರಾರಂಭೋತ್ಸವದಲ್ಲಿ ದೊಡ್ಡವರ ಭಾಷಣ ನಿಲ್ಲಲಿ. ಮಹನೀಯರು ಬರಲಿ, ಮಕ್ಕಳ ಜೊತೆ ನೆಲದ ಮೇಲೆ ಕುಳಿತು ಒಂದು ಗಂಟೆ ಕೇಳಲಿ. ಐದನೆಯ ತರಗತಿಯ ಹುಡುಗಿ ಒಂದನೆಯ ತರಗತಿಯ ಮಗುವಿನ ಕೈ ಹಿಡಿದು ನೀರಿನ ನಲ್ಲಿ ಎಲ್ಲಿದೆ, ಶೌಚಾಲಯ ಎಲ್ಲಿದೆ, ಯಾವ ಮರದ ನೆರಳು ತಂಪು ಎಂದು ತೋರಿಸಲಿ. ಮಾತು ಬಾರದ ಮಗು ಚಿತ್ರ ಬರೆಯಲಿ. ನಮ್ಮ ಪೇಟೆಗಳಲ್ಲಿ ತೆಲುಗು, ಉರ್ದು, ತಮಿಳು ಆಡುವ ಮನೆಗಳಿವೆ. ಉತ್ತರ ಭಾರತದಿಂದ ದುಡಿಯಲು ಬಂದವರ ಮಕ್ಕಳಿದ್ದಾರೆ. ಅಂದು ಅವರವರ ಮನೆಮಾತಿನಲ್ಲೇ ಅವರು ಹೇಳಲಿ. ಕನ್ನಡ ತಾನಾಗಿ ಹತ್ತಿರ ಬರುತ್ತದೆ.

ಎರಡನೆಯದಾಗಿ, ಪುಸ್ತಕ, ಎರಡು ಜೊತೆ ಬಟ್ಟೆ ಮತ್ತು ಮೇಷ್ಟ್ರು, ಈ ಮೂರೂ ಶಾಲೆ ತೆರೆಯುವ ದಿನವೇ ಶಾಲೆಯಲ್ಲಿರಬೇಕು.

ಮೂರನೆಯದಾಗಿ, ಆ ದಿನ ಕಾರ್ಖಾನೆಗಳು ತಾಯಂದಿರಿಗೂ ತಂದೆಯರಿಗೂ ಅರ್ಧ ದಿನದ ಸಂಬಳಸಹಿತ ರಜೆ ಕೊಡಬೇಕು. ಯೂನಿಯನ್ನುಗಳು ಈ ಬೇಡಿಕೆಯನ್ನು ಬೋನಸ್ಸಿನ ಬೇಡಿಕೆಯ ಪಕ್ಕದಲ್ಲೇ ಬರೆಯಬೇಕು.

ವರ್ತಕ ಬಾಂಧವರಿಗೂ ಒಂದು ಮಾತು. ಮಗುವಿನ ನೋಟುಪುಸ್ತಕದ ಮೇಲೆ ನೂರಕ್ಕೆ 12ರಂತೆ ತೆರಿಗೆ ಕಿತ್ತುಕೊಳ್ಳುತ್ತಿದ್ದ ದೆಹಲಿ ಸರ್ಕಾರ 2025ರ ಸೆಪ್ಟೆಂಬರ್ 22ರಂದು ಅದನ್ನು ಕೈಬಿಟ್ಟಿತು. ಪುಸ್ತಕ, ಬಟ್ಟೆಗಳನ್ನು ತಾವೇ ಮಾರುವ ಖಾಸಗಿ ಶಾಲೆಗಳು ನಿಮ್ಮ ಗಿರಾಕಿಯನ್ನು ಕಸಿಯುತ್ತಿರುವುದು ನಿಮಗೇ ಗೊತ್ತು. ಸರ್ಕಾರಿ ಶಾಲೆ ತುಂಬಿದರೆ ನಿಮ್ಮ ಅಂಗಡಿಯೂ ತುಂಬುತ್ತದೆ. ಪುಢಾರಿಗಳ ಹುಟ್ಟುಹಬ್ಬದ ಫ್ಲೆಕ್ಸಿಗೆ ಗೋಡೆ ಕೊಡುವ ನೀವು ಜೂನ್ ಮೊದಲ ವಾರ ಆ ಗೋಡೆಯನ್ನು ಮಕ್ಕಳ ಚಿತ್ರಗಳಿಗೆ ಕೊಡಿ. ತನ್ನ ಚಿತ್ರ ಪೇಟೆಯ ಬೀದಿಯಲ್ಲಿ ತೂಗುವುದನ್ನು ಕಂಡ ಮಗು ಶಾಲೆ ಬಿಡುವುದು ಕಷ್ಟ.

ಕೊನೆಯದು ನಮ್ಮ ಮಗ್ಗದ ಮನೆಗಳಿಗೆ. ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗ ಹಾಕಿರುವ ಎಷ್ಟೋ ಮನೆಗಳಲ್ಲಿ ಮಗುವಿನ ಮಾತು ಮಗ್ಗದ ಲಟಪಟದೊಳಗೆ ಮುಳುಗಿಹೋಗುತ್ತದೆ. ಮಗು ಕೂಗಿ ಹೇಳುತ್ತದೆ, ತಂದೆ ತಲೆಯಾಡಿಸುತ್ತಾನೆ, ಕೇಳಿಸಿರುವುದಿಲ್ಲ. ಶಾಲೆ ತೆರೆದ ದಿನ ಸಂಜೆ ಊರಿನ ಮಗ್ಗಗಳೆಲ್ಲ ಅರ್ಧ ಗಂಟೆ ನಿಲ್ಲಲಿ. ಆ ಅರ್ಧ ಗಂಟೆಯ ಕೂಲಿಯನ್ನು ಮಾಲೀಕರು ಕೊಡಲಿ. ಎಷ್ಟು ಸೀರೆ ನಷ್ಟವೆಂದು ಲೆಕ್ಕ ಹಾಕುವವರಿಗೆ ನಮ್ಮ ಉತ್ತರ ಒಂದೇ: ಹೇಳದೆ ಕೇಳದೆ ಕರೆಂಟು ಹೋಗಿ ಮಗ್ಗ ನಿಂತಾಗ ಯಾರೂ ಮುಳುಗಿಹೋಗಲಿಲ್ಲ; ಮಗುವಿನ ಮಾತು ಕೇಳಲು ನಿಂತರೂ ಮುಳುಗುವುದಿಲ್ಲ.

ಕೂಲಿಗಾಗಿ, ಬೋನಸ್ಸಿಗಾಗಿ ಮಗ್ಗ ನಿಲ್ಲಿಸಲು ನಮಗೆ ಗೊತ್ತು. ಈ ಸಲ ಮಕ್ಕಳಿಗಾಗಿ ನಿಲ್ಲಿಸೋಣ.