ಕತ್ತಿಯ ಭಯಕ್ಕೆ ಧ್ವನಿ ಕಳೆದುಕೊಳ್ಳಬಾರದು



ಗಂಟಲಿಗೆ ಕತ್ತಿ ತಾಗಿದರೆ ಮಾತೇ ಹೋಗುತ್ತದೆ ಎಂಬ ಭಯ ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ನಮ್ಮ ಜನರಲ್ಲಿ ಬೇರೂರಿದೆ. ಆದಕಾರಣ ಧ್ವನಿ ಒಡೆದು ತಿಂಗಳುಗಳಾದರೂ ಕಷಾಯ ಕುಡಿದು ಸುಮ್ಮನಿರುತ್ತಾರೆ. ಈ ಭಯವನ್ನು ಬಿಡಬೇಕೆಂದು ನಾವು ಹೇಳುತ್ತೇವೆ.

ಬೀಡಿ ಸೇದುವವರ ಧ್ವನಿತಂತುಗಳ ಮೇಲೆ ಬಿಳಿ ಮಚ್ಚೆ ಏಳುವುದುಂಟು. ವೈದ್ಯರು ಅದನ್ನು ಲ್ಯೂಕೋಪ್ಲೇಕಿಯಾ ಎನ್ನುತ್ತಾರೆ. ಅದು ಕ್ಯಾನ್ಸರ್ ಅಲ್ಲ. ಆದರೆ ಕೆಲವರಲ್ಲಿ ಮುಂದೆ ಕ್ಯಾನ್ಸರಾಗಿ ತಿರುಗುತ್ತದೆ. ಬೀಡಿಯ ಜೊತೆಗೆ ಕುಡಿತವೂ ಸೇರಿದರೆ ಅಪಾಯ ಇನ್ನೂ ಹೆಚ್ಚು.

ಇಂಥ ಎಲ್ಲ ಮಚ್ಚೆಗೂ ದೊಡ್ಡ ಆಪರೇಷನ್ ಬೇಕಿಲ್ಲ. ಬೀಡಿ ಪೂರ್ತಿ ಬಿಟ್ಟು, ಹೊಟ್ಟೆಯ ಹುಳಿ ಮೇಲೆ ಬರುತ್ತಿದ್ದರೆ ಅದಕ್ಕೆ ಔಷಧ ತೆಗೆದುಕೊಂಡು, ಗಂಟಲಿಗೆ ವಿಶ್ರಾಂತಿ ಕೊಟ್ಟರೆ ಕೆಲವರ ಮಚ್ಚೆ ಕರಗುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಕೆಲವರಿಗೆ ಲೇಸರ್ ಬೆಳಕಿನಿಂದ ಮಚ್ಚೆ ಸುಡುವ ಕ್ರಮವೂ ಇದೆ. ಮಚ್ಚೆ ಕ್ಯಾನ್ಸರೇ ಆಗಿದ್ದರೂ, ಬೇಗ ತಿಳಿದರೆ ಕರೆಂಟ್ ಕೊಟ್ಟೋ ಲೇಸರಿನಿಂದಲೋ ಹೆಚ್ಚಿನವರನ್ನು ಗುಣಪಡಿಸಬಹುದು, ಮಾತೂ ಉಳಿಯುತ್ತದೆ. ತಡಮಾಡಿದವರಿಗೇ ಧ್ವನಿಪೆಟ್ಟಿಗೆ ತೆಗೆಯುವ ಗತಿ ಬರುವುದು.

ಆದರೆ ಕತ್ತಿ ಬೇಡವೆಂದರೆ ಪರೀಕ್ಷೆಯೂ ಬೇಡವೆಂದಲ್ಲ. ಮಚ್ಚೆ ಎಂಥದೆಂದು ಬರಿಗಣ್ಣಿಗೆ ಗೊತ್ತಾಗದು. ಚೂರು ಮಾಂಸ ತೆಗೆದು ಪರೀಕ್ಷಿಸಬೇಕಾಗಬಹುದು. ಮಚ್ಚೆ ಹೋದ ಮೇಲೂ ಮರಳಿ ಬರಬಹುದು. ಆದ್ದರಿಂದ ವೈದ್ಯರು ಕರೆದಾಗಲೆಲ್ಲ ಹೋಗಬೇಕು. ಮಚ್ಚೆ ಕರಗಿಸುತ್ತೇವೆಂದು ಸಂತೆಯಲ್ಲಿ ಪುಡಿ ಮಾರುವವರನ್ನು ನಂಬಬೇಡಿ.

ಮೂರು ವಾರವಾದರೂ ಧ್ವನಿ ಸರಿಯಾಗದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರ ಬಳಿಗೆ ಹೋಗಿರಿ. ರಾಯಚೂರಿನಲ್ಲಿ ರಿಮ್ಸ್ ಇದೆ. ಹೈದರಾಬಾದಿನಲ್ಲಿ ಸರ್ಕಾರದ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆ ಇದೆ. 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ ಬೆಂಗಳೂರಿನಲ್ಲಿದೆ. ಆರೋಗ್ಯಶ್ರೀ ಸಿಗುವುದೇ ಎಂದು ಮೊದಲೇ ವಿಚಾರಿಸಿ, ಕಾರ್ಡು ಜೊತೆಗೆ ಒಯ್ಯಿರಿ.

ಬಡವನಿಗೆ ಔಷಧಕ್ಕಿಂತ ತಪ್ಪಿದ ಕೂಲಿಯೇ ದೊಡ್ಡ ಹೊರೆ. ಬೀಜದ ಹತ್ತಿ ಹೊಲದಲ್ಲಿ ಒಂದು ದಿನ ಬಿಟ್ಟರೆ ಆ ದಿನದ ಒಲೆ ಉರಿಯದು. ಆದ್ದರಿಂದ ಆಸ್ಪತ್ರೆಗೆ ಹೋದವನ ದಿನಗೂಲಿಯನ್ನು ಮಾಲೀಕರು ಕೊಡಬೇಕೆಂದು ಸಂಘವು ಕೇಳಬೇಕು. ಬಸ್ಸಿನ ಖರ್ಚಿಗೆ ಸಭೆಯು ಕಾಣಿಕೆಯಲ್ಲಿ ಸ್ವಲ್ಪ ಎತ್ತಿಡಬೇಕು. ಮದುವೆ ಮನೆಯಲ್ಲೂ ಸಂಘದ ಕೂಟದಲ್ಲೂ ಬೀಡಿ ಹಂಚುವ ಮರ್ಯಾದೆ ನಿಲ್ಲಬೇಕು.

ದೇಹವು ದೇವರ ಆಲಯವೆಂದು ಪೌಲನು ಕೊರಿಂಥದ ಸಭೆಗೆ ಬರೆದನು. ಕರ್ತನನ್ನು ಸ್ತುತಿಸಲಿಕ್ಕೂ ನ್ಯಾಯದ ಕೂಲಿ ಕೇಳಲಿಕ್ಕೂ ನಮಗಿರುವುದು ಇದೊಂದೇ ಧ್ವನಿ. ಅದನ್ನು ಕಾಪಾಡಿಕೊಳ್ಳೋಣ.