ಸಹಿ ಮಾಡಿಸಿಕೊಂಡರೆ ಸಾಕೇ?

ಪುಣೆಯಲ್ಲಿ ಓದುತ್ತಿರುವ ನಮ್ಮ ಕಡೆಯ ಹುಡುಗ ಹುಡುಗಿಯರಲ್ಲಿ ಕೆಲವರು ಎಂ.ಎ. ಪ್ರಬಂಧಕ್ಕೆ ಮುಂಡಗೋಡವನ್ನೋ ಬೈಲಕುಪ್ಪೆಯನ್ನೋ ಆರಿಸಿಕೊಳ್ಳುತ್ತಾರೆ. ಯುದ್ಧ, ನಿರಾಶ್ರಿತರು, ಸ್ಥಳಾಂತರ ಅಂದರೆ ವಿಭಾಗಗಳಲ್ಲಿ ಬೆಲೆಯಿದೆ. ವಿದೇಶಿ ಸಂಶೋಧಕನಿಗೆ ಟಿಬೆಟನ್ ವಸಾಹತಿನಲ್ಲಿ ಉಳಿಯಲು ಕೇಂದ್ರ ಗೃಹ ಸಚಿವಾಲಯದ ಪರವಾನಗಿ ಬೇಕು. ನಮಗೆ ಹುಬ್ಬಳ್ಳಿಯ ರಾತ್ರಿ ಬಸ್ಸು ಸಾಕು. ಹತ್ತು ದಿನ, ಹನ್ನೆರಡು ಸಂದರ್ಶನ, ಹನ್ನೆರಡು ಸಮ್ಮತಿ ಪತ್ರ. ನನ್ನ ತಕರಾರು ಇರುವುದು ಆ ಹನ್ನೆರಡು ಸಹಿಗಳ ಬಗ್ಗೆ.

ನಾನು ಸಂಶೋಧಕನಲ್ಲ. ಬಿಡುವಿನಲ್ಲಿ ಕನ್ನಡದ ಧ್ವನಿಮುದ್ರಣಗಳನ್ನು ಅಕ್ಷರಕ್ಕಿಳಿಸಿ ಇಂಗ್ಲಿಷ್ ಮಾಡಿಕೊಡುತ್ತೇನೆ. ಪ್ರಬಂಧದಲ್ಲಿ ಉಳಿಯದ ಸದ್ದುಗಳು ನನ್ನ ಕಿವಿಗೆ ಬೀಳುತ್ತವೆ. ಒಂದು ಮುದ್ರಣದಲ್ಲಿ ಹಿರಿಯರೊಬ್ಬರು ಸಂತೆಯಲ್ಲಿ ಕಲಿತ ಕನ್ನಡದಲ್ಲಿ ಮೂರು ಸಲ ‘ಅದೆಲ್ಲಾ ಬಿಡ್ರಿ’ ಅಂದರು. ಮೂರು ಸಲವೂ ಪ್ರಶ್ನೆ ಬೇರೆ ವೇಷದಲ್ಲಿ ವಾಪಸು ಬಂತು. ನಾಲ್ಕನೆಯ ಸಲ ಅವರು ಹೇಳಿದರು. ಪ್ರಬಂಧದಲ್ಲಿ ಅಚ್ಚಾದದ್ದು ಆ ನಾಲ್ಕನೆಯ ಉತ್ತರ. ಸಹಿ ಆಗಿತ್ತಲ್ಲ, ನಿಯಮದ ಪ್ರಕಾರ ಎಲ್ಲವೂ ಸರಿ. (ಯಾವ ಊರು, ಯಾವ ಕ್ಯಾಂಪು ಎಂದು ನಾನೂ ಹೇಳುವುದಿಲ್ಲ.)

ಆ ಸಹಿ ಯಾರನ್ನು ಕಾಯುತ್ತದೆ? ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿದ ದೇಶವಲ್ಲ. ಇಲ್ಲಿಯ ಪೌರತ್ವ ಪಡೆಯದ ಟಿಬೆಟನ್ನರು ಕಾನೂನಿನ ಕಣ್ಣಿನಲ್ಲಿ ಇನ್ನೂ ವಿದೇಶಿಯರು; ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. ಅಂಥವರ ಮುಂದೆ ಪಟ್ಟಣದಿಂದ ಬಂದವರೊಬ್ಬರು ಮೊಹರು ಹೊಡೆದ ಕಾಗದ ಹಿಡಿದು ನಿಂತರೆ ಅದು ಇನ್ನೊಂದು ಸರ್ಕಾರಿ ಕಾಗದದ ಹಾಗೇ ಕಾಣುತ್ತದೆ. ಕನ್ನಡ ಬರುವುದು ನಮ್ಮ ಅನುಕೂಲ ಎಂದುಕೊಳ್ಳುತ್ತೇವೆ. ಅವರಿಗೆ ಕನ್ನಡ ಎಂದರೆ ಸಂತೆಯ ಭಾಷೆ ಹೇಗೋ, ಪೊಲೀಸ್ ಠಾಣೆಯ, ತಹಶೀಲ್ದಾರ್ ಕಚೇರಿಯ ಭಾಷೆಯೂ ಹಾಗೆಯೇ. ಬೇಡ ಎನ್ನುವ ಧೈರ್ಯ ಆ ಭಾಷೆಯಲ್ಲಿ ಬರಬೇಕೆಂದರೆ ಎಲ್ಲಿಂದ ಬರಬೇಕು?

ಹೆಸರು ಬದಲಿಸಿದ್ದೇವೆ ಎನ್ನುವುದು ಎರಡನೆಯ ಸಮಾಧಾನ. ಹೆಸರು ತೆಗೆದು ಹುಟ್ಟಿದ ಊರು, ಗಡಿ ದಾಟಿದ ವರ್ಷ, ನಡೆದ ದಾರಿ, ಸತ್ತ ಅಣ್ಣನ ಕಥೆ ಎಲ್ಲವನ್ನೂ ಉಳಿಸಿದರೆ ಅಕ್ಕಪಕ್ಕದ ಮನೆಯವರೆಲ್ಲ ಗುರುತು ಹಿಡಿಯುತ್ತಾರೆ. ಅವರಷ್ಟೇ ಹಿಡಿದರೆ ಚಿಂತೆಯಿಲ್ಲ. ಟಿಬೆಟಿನಲ್ಲೇ ಉಳಿದ ತಂಗಿ, ಅವಳ ಮಕ್ಕಳು ಇಂದಿಗೂ ಚೀನಾದ ಆಡಳಿತದಲ್ಲಿದ್ದಾರೆ. ಪ್ರಬಂಧ ಅಂತರ್ಜಾಲಕ್ಕೆ ಹೋದ ಮೇಲೆ ಅದನ್ನು ಯಾರು ಓದಬೇಕು, ಯಾರು ಓದಬಾರದು ಎಂಬುದು ನಮ್ಮ ಕೈಯಲ್ಲಿರುವುದಿಲ್ಲ.

ಇನ್ನು ವಿಧಾನದ ಮಾತು. ಮುಂಡಗೋಡದ ವಸಾಹತು ಶುರುವಾದದ್ದು 1966ರಲ್ಲಿ. ಅಲ್ಲಿಗೆ ಬಂದ ಪತ್ರಕರ್ತರಿಗೆ, ದಾನಿಗಳಿಗೆ, ವಿದ್ಯಾರ್ಥಿಗಳಿಗೆ ಅದೇ ನಾಲ್ಕೈದು ಹಿರಿಯರನ್ನು ತೋರಿಸುತ್ತಾ ಬಂದರೆ ಕಥೆ ಉರುಟಾಗದೆ ಇರುತ್ತದೆಯೇ? ಹಿಮ, ಹಸಿವು, ನೇಪಾಳ, ರಸ್ತೆ ಕೆಲಸ, ಕಾಡು ಕಡಿದು ಹೊಲ ಮಾಡಿದ್ದು. ಅದು ಸುಳ್ಳಲ್ಲ, ಆದರೆ ಕೇಳುವವರ ಅಳತೆಗೆ ಹೊಲಿದದ್ದು. ದಾರಿಯಲ್ಲಿ ಸತ್ತವರು, ವಸಾಹತು ಬಿಟ್ಟು ಹೋದವರು, ಕ್ಯಾಂಪಿನ ಮುಖ್ಯಸ್ಥರ ಜತೆ ಮನಸ್ತಾಪ ಇರುವವರು ಆ ಹನ್ನೆರಡರಲ್ಲಿ ಬರುವುದೇ ಇಲ್ಲ.

ಬರೀ ಸಂತ್ರಸ್ತರನ್ನು ಹುಡುಕುವವರಿಗೆ ಸೈನಿಕರೂ ಕಾಣುವುದಿಲ್ಲ. 1962ರಲ್ಲಿ ಭಾರತ ಟಿಬೆಟನ್ನರನ್ನೇ ಸೇರಿಸಿ ವಿಶೇಷ ಗಡಿ ಪಡೆ ಕಟ್ಟಿತು. ಆ ಪಡೆ 1971ರಲ್ಲಿ ಚಿತ್ತಗಾಂಗ್ ಗುಡ್ಡಗಾಡಿನಲ್ಲಿ ಹೋರಾಡಿತು. ಆದರೂ ದಶಕಗಳ ಕಾಲ ಅದರ ಬಗ್ಗೆ ಬಹಿರಂಗವಾಗಿ ಮಾತಾಡುವಂತಿರಲಿಲ್ಲ. ಅಂಥ ಪಡೆಯಲ್ಲಿದ್ದವರೊಬ್ಬರು ಆ ವರ್ಷಗಳ ಬಗ್ಗೆ ಬಾಯಿ ಬಿಡದಿದ್ದರೆ ಅದನ್ನು ‘ಆಘಾತದಿಂದಾದ ಮೌನ’ ಎಂದು ಬರೆದುಬಿಡುವುದು ಸಂಶೋಧನೆಯಲ್ಲ, ಸೋಮಾರಿತನ.

ಪಿಂಪ್ರಿಯಲ್ಲಿ ಮನೆ ಮಾಡಿರುವ ನಮ್ಮವರು ಬಟ್ಟೆಗೆ, ದೀಪಾವಳಿ ಸಾಮಾನಿಗೆ ‘ಕ್ಯಾಂಪಿಗೆ’ ಹೋಗುತ್ತಾರೆ. ಅದು 1947ರ ನಂತರ ಬಂದ ಸಿಂಧಿ ನಿರಾಶ್ರಿತರ ಕ್ಯಾಂಪು. ಆ ದೇಶವಿಭಜನೆಯ ಲೆಕ್ಕಗಳಿಂದಲೇ ಒಂದು ಪಾಠವಿದೆ. ಅಪಹೃತರ ವಾಪಸಾತಿಗೆಂದು 1949ರಲ್ಲಿ ಭಾರತ ಒಂದು ಕಾಯ್ದೆ ಮಾಡಿತು. ಹೆಂಗಸು ‘ನಾನು ಇಲ್ಲೇ ಇರುತ್ತೇನೆ’ ಎಂದರೂ ಆ ಮಾತಿಗೆ ಅದರಲ್ಲಿ ಬೆಲೆಯಿರಲಿಲ್ಲ. ಸರ್ಕಾರದ ಪಟ್ಟಿಯಲ್ಲಿ ಅವಳೂ ‘ಪತ್ತೆಯಾದವಳು’. ಊರ್ವಶಿ ಬುಟಾಲಿಯಾ, ಹಾಗೆಯೇ ರಿತು ಮೆನನ್ ಮತ್ತು ಕಮಲಾ ಭಾಸಿನ್, 1998ರಲ್ಲಿ ಹೊರತಂದ ಪುಸ್ತಕಗಳು ಆ ಅಂಕಿಗಳ ಕೆಳಗಿನ ದನಿಗಳನ್ನು ಕೇಳಿಸಿದವು. ಅವು ಒಂದು ಸೆಮಿಸ್ಟರ್ ರಜೆಯಲ್ಲಿ ಆದ ಕೆಲಸಗಳಲ್ಲ, ವರ್ಷಗಳೇ ಹಿಡಿದವು. ಬುಟಾಲಿಯಾ ಶುರು ಮಾಡಿದ್ದು ಲಾಹೋರಿನಲ್ಲೇ ಉಳಿದ ತಮ್ಮ ಸ್ವಂತ ಮಾವನಿಂದ; ಪ್ರಶ್ನೆಯ ಬಿಸಿ ಮೊದಲು ಅವರ ಮನೆಗೇ ತಾಗಿತು.

ಒಂದು ಎದುರುವಾದ ನನಗೂ ಗಟ್ಟಿ ಎನಿಸುತ್ತದೆ. 1959ರಲ್ಲಿ ಇಪ್ಪತ್ತು ವರ್ಷವಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ಈಗ ಕೇಳದಿದ್ದರೆ ಇನ್ನು ಯಾವಾಗ? ಒಪ್ಪಿದೆ, ಕೇಳಿ. ಅವಸರ ಇರುವುದು ನೆನಪುಗಳಿಗಾದರೆ, ಮುದ್ರಣದ ಒಂದು ಪ್ರತಿ ಅವರ ಮನೆಯಲ್ಲಿ ಯಾಕಿಲ್ಲ? ಬರೆದದ್ದನ್ನು ಟಿಬೆಟನ್‌ನಲ್ಲಿ ಓದಿ ಹೇಳಿ, ಬೇಡವಾದದ್ದನ್ನು ಹೊಡೆದುಹಾಕಲು ಯಾಕೆ ಬಿಡುವುದಿಲ್ಲ? ದುಭಾಷಿಗೆ ಕೂಲಿಯೂ ಇಲ್ಲ, ಹೆಸರೂ ಇಲ್ಲ, ಅದು ಯಾಕೆ? ಅವಸರ ಇರುವುದು ಸಲ್ಲಿಕೆಯ ದಿನಾಂಕಕ್ಕೆ ಎಂದು ಪ್ರಾಮಾಣಿಕವಾಗಿ ಹೇಳಿಬಿಡಿ, ಜಗಳ ಅರ್ಧಕ್ಕರ್ಧ ಮುಗಿಯುತ್ತದೆ.

ಸಮ್ಮತಿಯನ್ನು ಎರಡು ಸಲ ಕೇಳಬೇಕು: ಮಾತಾಡುವ ಮುಂಚೆ ಒಮ್ಮೆ, ಬರೆದದ್ದನ್ನು ಕೇಳಿಸಿಕೊಂಡ ಮೇಲೆ ಇನ್ನೊಮ್ಮೆ. ಎರಡನೆಯ ಸಲ ಬೇಡ ಅಂದರೆ ಆ ಅಧ್ಯಾಯ ಹೋಗಲಿ, ಹನ್ನೆರಡು ಇದ್ದದ್ದು ಐದಾಗಲಿ. ಇದಕ್ಕೆ ಪುನಃ ಬಸ್ಸು ಹತ್ತಬೇಕು, ನಿಜ. ಮುಂದಿನ ವರ್ಷದ ಪ್ರಸ್ತಾವನೆಗಳು ಮೇಜಿಗೆ ಬಂದಾಗ ಮಾರ್ಗದರ್ಶಕರು ಖರ್ಚಿನ ಪುಟವನ್ನು ಮೊದಲು ತೆರೆಯಲಿ. ಎರಡನೆಯ ಪ್ರಯಾಣದ ಸಾಲು ಅಲ್ಲಿಲ್ಲದಿದ್ದರೆ ಕಡತವನ್ನು ಹಾಗೇ ವಾಪಸು ಕೊಡಲಿ.